ಟವರ್ ಬಂದರೆ ನಮ್ಮ ಬೀದಿ ಕೆಡುತ್ತದೆಯೇ?

ಓದುಗರ ಪ್ರಶ್ನೆ: "ನಮ್ಮದು ಎರಡು ಮೂರು ಮಹಡಿ ಮನೆಗಳ ಹಳೇ ಬಡಾವಣೆ. ಪಕ್ಕದಲ್ಲೇ ಮುಚ್ಚಿಹೋದ ಕಾರ್ಖಾನೆಯ ನಾಲ್ಕು ಹೆಕ್ಟೇರ್ ಜಾಗ ಇದೆ. ಅಲ್ಲಿ ಮನೆ ಕಟ್ಟಲು ಎರಡು ಪ್ಲಾನ್ ಮುಂದಿಟ್ಟಿದ್ದಾರೆ. ಒಂದರಲ್ಲಿ ಮೂವತ್ತು ಮಹಡಿಯ ಟವರ್‌ಗಳು, ಸುತ್ತ ದೊಡ್ಡ ಪಾರ್ಕು. ಇನ್ನೊಂದರಲ್ಲಿ ಐದಾರು ಮಹಡಿಯ ಕಟ್ಟಡಗಳು, ನಡುವೆ ಒಳಂಗಳ. ಟವರ್ ಆದ್ರೆ ಜಾಸ್ತಿ ಜನಕ್ಕೆ ಮನೆ ಸಿಗುತ್ತೆ, ಅಗ್ಗವಾಗಿಯೂ ಸಿಗುತ್ತೆ ಅಂತ ಕೆಲವರು ಹೇಳ್ತಾರೆ. ಬಿಸಿಲು ಹೋಗುತ್ತೆ, ಗಾಳಿ ಹೊಡೆಯುತ್ತೆ, ಟ್ರಾಫಿಕ್ ಹೆಚ್ಚುತ್ತೆ, ಇಪ್ಪತ್ತು ವರ್ಷದಲ್ಲಿ ಕೊಳೆಗೇರಿ ಆಗುತ್ತೆ ಅಂತ ಇನ್ನು ಕೆಲವರು. ಏನೂ ಕಟ್ಟೋದೇ ಬೇಡ ಅನ್ನೋರೂ ಇದ್ದಾರೆ. ಆಕ್ಷೇಪಣೆ ಸಲ್ಲಿಸೋಕೆ ಸ್ವಲ್ಪವೇ ಸಮಯ ಉಳಿದಿದೆ. ಯಾರ ಮಾತು ನಂಬಬೇಕು? ನಾವು ಏನು ಕೇಳಬೇಕು?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಈ ಜಾಗದಲ್ಲಿ ಎಷ್ಟು ಮನೆ ಬರಬೇಕು ಅನ್ನುವುದು ಒಂದು. ಬರುವ ಮನೆಗಳನ್ನು ಹೇಗೆ ಜೋಡಿಸಬೇಕು ಅನ್ನುವುದು ಇನ್ನೊಂದು. ಇಂಥ ಸಭೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಗೊಂದಲ ಇದೇ. ಎಲ್ಲರೂ ಮಹಡಿ ಎಣಿಸುತ್ತಾರೆ, ಮನೆ ಎಣಿಸುವವರು ಕಡಿಮೆ. ಎತ್ತರ ಹೆಚ್ಚಿದಷ್ಟೂ ಜನ ಹೆಚ್ಚು ಅಂತ ಟವರ್ ಬೇಕು ಅನ್ನುವವರೂ ನಂಬಿರುತ್ತಾರೆ, ಬೇಡ ಅನ್ನುವವರೂ ನಂಬಿರುತ್ತಾರೆ. ಹಾಗಾಗಿ ಮೊದಲು ಒಂದು ಲೆಕ್ಕ ಹಾಕೋಣ.

ನಾಲ್ಕು ಹೆಕ್ಟೇರ್ ಅಂದರೆ 40,000 ಚದರ ಮೀಟರ್. ನಿಯಮದಲ್ಲಿ ಎಫ್‌ಎಆರ್ (ಜಾಗಕ್ಕೆ ಹೋಲಿಸಿದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ) 2 ಇದೆ ಎಂದುಕೊಳ್ಳಿ, ಅಂದರೆ ಜಾಗದ ಎರಡರಷ್ಟು ಕಟ್ಟಬಹುದು. ಎಲ್ಲಾ ಮಹಡಿ ಸೇರಿ 80,000 ಚದರ ಮೀಟರ್ ಆಯಿತು. ಮೆಟ್ಟಿಲು, ಕಾರಿಡಾರ್ ಎಲ್ಲ ಸೇರಿಸಿ ಮನೆಗೆ 80 ಚದರ ಮೀಟರ್ ಹಿಡಿದರೆ ಸಾವಿರ ಮನೆ. ಇದನ್ನು ಐದು ಮಹಡಿಯಲ್ಲಿ ಕಟ್ಟಿದರೆ ನೆಲದ ಮೇಲೆ 16,000 ಚದರ ಮೀಟರ್ ಬೇಕು, ಅಂದರೆ ಜಾಗದ ಶೇ 40. ಮೂವತ್ತು ಮಹಡಿಯಲ್ಲಿ ಕಟ್ಟಿದರೆ ಸುಮಾರು 2,670 ಚದರ ಮೀಟರ್ ಸಾಕು, ಶೇ 7ಕ್ಕಿಂತ ಕಡಿಮೆ. ನಾಲ್ಕು ತೆಳ್ಳನೆ ಟವರ್‌ನಲ್ಲಿ ಮುಗಿಯಿತು. ಆದರೆ ಮನೆ ಎಷ್ಟು ಬಂತು? ಎರಡರಲ್ಲೂ ಸಾವಿರವೇ. ನಿಜ ಹೇಳಬೇಕೆಂದರೆ ಟವರ್‌ನಲ್ಲಿ ಸ್ವಲ್ಪ ಕಡಿಮೆ. ಮೇಲೆ ಹೋದಷ್ಟೂ ಲಿಫ್ಟ್ ಜಾಸ್ತಿ ಬೇಕು. ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲು ದೊಡ್ಡದಾಗುತ್ತದೆ. ನೀರಿನ ಪೈಪು, ವಿದ್ಯುತ್ ಕೇಬಲ್ ಹೋಗುವ ಡಕ್ಟ್ ಅಗಲವಾಗುತ್ತದೆ. ಇವೆಲ್ಲ ಪ್ರತಿ ಮಹಡಿಯಲ್ಲೂ ಜಾಗ ತಿನ್ನುತ್ತವೆ.

ಹಾಗಾದರೆ ಎಷ್ಟು ಮನೆ ಅನ್ನುವುದನ್ನು ಎಫ್‌ಎಆರ್ ನಿರ್ಧರಿಸುತ್ತದೆ. ಎತ್ತರ ನಿರ್ಧರಿಸುವುದು ಉಳಿದ ನೆಲ ಎಲ್ಲಿ, ಯಾವ ಆಕಾರದಲ್ಲಿ ಉಳಿಯುತ್ತದೆ ಅನ್ನುವುದನ್ನು ಮಾತ್ರ. 1960ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಲೆಸ್ಲಿ ಮಾರ್ಟಿನ್ ಮತ್ತು ಲಯನೆಲ್ ಮಾರ್ಚ್ ಎಂಬ ಸಂಶೋಧಕರು ಇದನ್ನೇ ಜ್ಯಾಮಿತಿಯಲ್ಲಿ ತೋರಿಸಿಕೊಟ್ಟರು. ಕಟ್ಟಡವನ್ನು ಜಾಗದ ಮಧ್ಯದಲ್ಲಿ ನಿಲ್ಲಿಸುವ ಬದಲು ಅಂಚಿನ ಉದ್ದಕ್ಕೂ ಸುತ್ತಿಸಿದರೆ, ಅಷ್ಟೇ ಕಟ್ಟಡ ತುಂಬಾ ಕಡಿಮೆ ಎತ್ತರದಲ್ಲಿ ಹಿಡಿಸುತ್ತದೆ. ನಡುವೆ ದೊಡ್ಡ ಅಂಗಳವೂ ಸಿಗುತ್ತದೆ.

ಇದು ಕಾಗದದ ಲೆಕ್ಕ ಮಾತ್ರ ಅಲ್ಲ. ಪ್ಯಾರಿಸ್ ನಗರದಲ್ಲಿ ಚದರ ಕಿಲೋಮೀಟರಿಗೆ ಸುಮಾರು 20,000 ಜನ ಇದ್ದಾರೆ. ಯುರೋಪಿನ ದೊಡ್ಡ ನಗರಗಳಲ್ಲಿ ಅಷ್ಟು ದಟ್ಟವಾದದ್ದು ಸಿಗುವುದೇ ಕಷ್ಟ. ಅಲ್ಲಿನ ಬಹುಪಾಲು ಕಟ್ಟಡಗಳು ಆರೇಳು ಮಹಡಿಯವು. ಇನ್ನೂ ವಿಪರೀತದ ಉದಾಹರಣೆ ಬೇಕಾದರೆ ಹಾಂಗ್‌ಕಾಂಗ್‌ನ ಕೌಲೂನ್ ವಾಲ್ಡ್ ಸಿಟಿ. 2.6 ಹೆಕ್ಟೇರಿನಲ್ಲಿ, ಅಂದರೆ ನಿಮ್ಮ ಕಾರ್ಖಾನೆ ಜಾಗಕ್ಕಿಂತ ಚಿಕ್ಕದರಲ್ಲಿ, ಸುಮಾರು 33,000 ಜನ ಬದುಕುತ್ತಿದ್ದರು. ಪಕ್ಕದಲ್ಲೇ ವಿಮಾನ ನಿಲ್ದಾಣ ಇದ್ದುದರಿಂದ ಹದಿನಾಲ್ಕು ಮಹಡಿ ದಾಟುವಂತಿರಲಿಲ್ಲ. ಕೆಳಗಿನ ಓಣಿಗಳಿಗೆ ಹಗಲಿನಲ್ಲೂ ಬೆಳಕು ಬೀಳುತ್ತಿರಲಿಲ್ಲ. 1993–94ರಲ್ಲಿ ಅದನ್ನು ಕೆಡವಿ ಪಾರ್ಕ್ ಮಾಡಿದರು. ಎತ್ತರಕ್ಕೆ ಮಿತಿ ಹಾಕಿದ ಮಾತ್ರಕ್ಕೆ ದಟ್ಟಣೆಗೆ ಮಿತಿ ಬೀಳುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

"ಟವರ್ ಕಟ್ಟಿದರೆ ನೆಲ ಪಾರ್ಕಿಗೆ ಉಳಿಯುತ್ತದೆ" ಅನ್ನುವ ಮಾತು ಹಳೆಯದು. 1925ರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬ್ಯುಸಿಯೆ ಪ್ಯಾರಿಸ್‌ನ ಹಳೇ ಭಾಗವೊಂದನ್ನು ಕೆಡವಿ, ಅಲ್ಲಿ ಅರವತ್ತು ಮಹಡಿಯ ಹದಿನೆಂಟು ಟವರ್ ನಿಲ್ಲಿಸುವ ಯೋಜನೆ ಮುಂದಿಟ್ಟಿದ್ದರು. ಟವರ್‌ಗಳ ನಡುವೆ ಹಸಿರು, ವೇಗದ ರಸ್ತೆಗಳು. ಪ್ಯಾರಿಸ್ ಅದನ್ನು ಒಪ್ಪಲಿಲ್ಲ. ಆದರೆ ಆ ಚಿತ್ರ ಜಗತ್ತೆಲ್ಲ ಸುತ್ತಿತು. ಉಳಿದ ನೆಲ ಎಷ್ಟೋ ಕಡೆ ಪಾರ್ಕ್ ಆಗಲೇ ಇಲ್ಲ. ವಾಹನದ ದಾರಿ, ಪಾರ್ಕಿಂಗ್, ಅಗ್ನಿಶಾಮಕ ವಾಹನ ತಿರುಗುವ ಜಾಗ, ಟ್ರಾನ್ಸ್‌ಫಾರ್ಮರ್, ಬೇಲಿ ಇವೇ ಅರ್ಧ ನುಂಗಿದವು. ಉಳಿದರ್ಧ ಯಾರಿಗೂ ಸೇರದ ಹುಲ್ಲು. ನಿಮ್ಮ ಪ್ಲಾನಿನಲ್ಲಿ ಹಸಿರು ಬಣ್ಣ ಬಳಿದಿರುವ ಭಾಗವನ್ನು ಬೆರಳಿಟ್ಟು ನೋಡಿ. ಅದರ ಕೆಳಗೆ ನೆಲಮಾಳಿಗೆ ಪಾರ್ಕಿಂಗ್ ಇದೆಯಾ? ಇದ್ದರೆ ಅಲ್ಲಿ ದೊಡ್ಡ ಮರ ಬೇರು ಬಿಡುವುದು ಕಷ್ಟ, ಮಳೆನೀರೂ ಇಂಗುವುದಿಲ್ಲ. ಅದಕ್ಕೆ ಗೇಟು ಇದೆಯಾ? ಇದ್ದರೆ ಅದು ನಿಮ್ಮ ಪಾರ್ಕ್ ಅಲ್ಲ.

ಹಾಗಂತ ಟವರ್ ಎಲ್ಲ ಕಡೆ ತಪ್ಪು ಅಂತ ನಾನು ಹೇಳುವುದಿಲ್ಲ. ಎಫ್‌ಎಆರ್ 2 ಅಥವಾ 2.5 ಇದ್ದರೆ ಐದಾರು ಮಹಡಿಯಲ್ಲಿ ಆರಾಮಾಗಿ ಹಿಡಿಸಬಹುದು. ಅದೇ 5 ಅಥವಾ 6 ಆದರೆ ಕಡಿಮೆ ಎತ್ತರದಲ್ಲಿ ತುರುಕಿದ ಅಂಗಳ ಬಾವಿಯಂತೆ ಆಗುತ್ತದೆ, ಕೆಳಗಿನ ಮನೆಗಳಿಗೆ ಬೆಳಕೇ ಇರುವುದಿಲ್ಲ. ಅಲ್ಲಿ ಎತ್ತರಕ್ಕೆ ಹೋಗುವುದೇ ಸರಿ. ಹಾಂಗ್‌ಕಾಂಗ್‌ನಲ್ಲಿ ಬೆಟ್ಟ ಕಡಿದಾದದ್ದು, ಕಟ್ಟಿರುವ ಭಾಗ ಒಟ್ಟು ನೆಲದ ಕಾಲು ಪಾಲಿನಷ್ಟು ಮಾತ್ರ. ಮೆಟ್ರೊ ನಿಲ್ದಾಣದ ಮೇಲೆ, ಅಕ್ಕಪಕ್ಕ ಟವರ್ ಎಬ್ಬಿಸಿದ್ದಕ್ಕೆ ಅಲ್ಲಿ ಅರ್ಥವಿದೆ. ಅದಕ್ಕೇ ನಿಮ್ಮ ಮೊದಲ ಪ್ರಶ್ನೆ "ಎಷ್ಟು ಮಹಡಿ" ಆಗಬಾರದು. ಎರಡೂ ಪ್ಲಾನಿನ ಎಫ್‌ಎಆರ್ ಎಷ್ಟು, ಒಟ್ಟು ಮನೆ ಎಷ್ಟು ಅಂತ ಕೇಳಿ. ಟವರ್ ಪ್ಲಾನಿನಲ್ಲಿ ಎಫ್‌ಎಆರ್ ಸುಮ್ನೆ ಜಾಸ್ತಿ ಹಾಕಿದ್ದರೆ ನಿಮಗೆ ತೋರಿಸುತ್ತಿರುವುದು ಎರಡು ವಿನ್ಯಾಸ ಅಲ್ಲ, ಎರಡು ಬೇರೆ ಬೇರೆ ಪ್ರಮಾಣದ ಯೋಜನೆ. ಎರಡನ್ನೂ ಒಂದೇ ಎಫ್‌ಎಆರ್‌ಗೆ ಬರೆದು ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ಅಗ್ಗದ ಮಾತಿಗೂ ಆಧಾರ ಕಡಿಮೆ. ಎತ್ತರ ಹೆಚ್ಚಿದಂತೆ ಒಂದು ಚದರ ಮೀಟರ್ ಕಟ್ಟುವ ಖರ್ಚು ಏರುತ್ತದೆ. ಗಾಳಿಯ ಒತ್ತಡ ತಡೆಯಲು ಗಟ್ಟಿ ಚೌಕಟ್ಟು, ಆಳದ ಅಡಿಪಾಯ, ಪಂಪು, ಬೆಂಕಿ ಸುರಕ್ಷತೆ ಎಲ್ಲಕ್ಕೂ ದುಡ್ಡು. ನೆಲದ ಬೆಲೆ ತೀರಾ ಜಾಸ್ತಿ ಇರುವ ಕಡೆ ಈ ಹೆಚ್ಚುವರಿ ಖರ್ಚು ವಾಪಸ್ ಬರುತ್ತದೆ. ಉಳಿದ ಕಡೆ ಮೇಲಿನ ಮಹಡಿಯ ನೋಟಕ್ಕೆ ಹೆಚ್ಚು ಕೊಡುವವರಿಗಾಗಿ ಟವರ್ ಕಟ್ಟುತ್ತಾರೆ.

ಈಗ ಬಿಸಿಲಿನ ವಿಚಾರ. ನಿಮ್ಮ ನೆರೆಯವರ ಭಯ ಸುಳ್ಳಲ್ಲ. 1915ರಲ್ಲಿ ನ್ಯೂಯಾರ್ಕಿನಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎದ್ದಾಗ ಜನ ರೊಚ್ಚಿಗೆದ್ದಿದ್ದರು. ಒಂದು ಎಕರೆಗೂ ಕಡಿಮೆ ಜಾಗದಲ್ಲಿ ಸುಮಾರು 12 ಲಕ್ಷ ಚದರ ಅಡಿ, ಫುಟ್‌ಪಾತಿನಿಂದ ನೇರವಾಗಿ ಮೇಲಕ್ಕೆ. ಮರುವರ್ಷವೇ, 1916ರಲ್ಲಿ, ನಗರ ವಲಯ ನಿಯಮ ತಂದಿತು. ಅದು ಎತ್ತರವನ್ನು ನಿಷೇಧಿಸಲಿಲ್ಲ. ಮೇಲೆ ಹೋದಂತೆ ಹಿಂದೆ ಸರಿಯಿರಿ, ಬೀದಿಗೆ ಬೆಳಕು ಬಿಡಿ ಅಂದಿತು. ಮೆಟ್ಟಿಲು ಮೆಟ್ಟಿಲಾಗಿ ಏರುವ ಅಲ್ಲಿನ ಹಳೇ ಗಗನಚುಂಬಿಗಳಿಗೆ ಆ ರೂಪ ಬಂದದ್ದು ಹೀಗೆ. ಜಪಾನ್ 1976ರಲ್ಲಿ ಇನ್ನೂ ಮುಂದೆ ಹೋಗಿ, ವಸತಿ ಪ್ರದೇಶದ ಕಟ್ಟಡ ಪಕ್ಕದ ಜಾಗದ ಮೇಲೆ ಎಷ್ಟು ಗಂಟೆ ನೆರಳು ಹಾಕಬಹುದು ಅನ್ನುವುದಕ್ಕೇ ಕಾನೂನು ಮಾಡಿತು. ಅಳೆಯುವುದು ವರ್ಷದ ಅತಿ ಚಿಕ್ಕ ಹಗಲಿನಂದು.

ಇಲ್ಲೊಂದು ಸೂಕ್ಷ್ಮ ಇದೆ. ತೆಳ್ಳನೆ ಟವರಿನ ನೆರಳು ಉದ್ದ, ಆದರೆ ಬೇಗ ಸರಿಯುತ್ತದೆ. ಉದ್ದನೆ ಆರು ಮಹಡಿ ಕಟ್ಟಡದ ನೆರಳು ಗಿಡ್ಡ, ಆದರೆ ಪಕ್ಕದ ಮನೆಯ ಮೇಲೆ ಗಂಟೆಗಟ್ಟಲೆ ಕೂತಿರುತ್ತದೆ. ಯಾವುದು ನಿಮಗೆ ತೊಂದರೆ ಅನ್ನುವುದು ನಿಮ್ಮ ಮನೆಗಳು ಯಾವ ದಿಕ್ಕಿಗಿವೆ ಅನ್ನುವುದರ ಮೇಲೆ ನಿಂತಿದೆ. ಸೆಕೆಯ ಊರಾದರೆ ನೆರಳು ಬೇಕಾದದ್ದೇ ಇರಬಹುದು. ಆದ್ದರಿಂದ ನೆರಳಿನ ನಕ್ಷೆ ಕೇಳಿ. ಬ್ರಿಟನ್ನಿನ ಮಾರ್ಗಸೂಚಿ ಒಂದು ಸರಳ ಅಳತೆ ಕೊಡುತ್ತದೆ: ಅಂಗಳದ, ಪಾರ್ಕಿನ ಅರ್ಧ ಭಾಗಕ್ಕಾದರೂ ಮಾರ್ಚ್ 21ರಂದು ಎರಡು ಗಂಟೆ ಬಿಸಿಲು ಬೀಳಬೇಕು. ಆ ದಿನದ ನಕ್ಷೆ ಒಂದು, ಅತಿ ಚಿಕ್ಕ ಹಗಲಿನ ದಿನದ್ದು ಒಂದು, ಎರಡರಲ್ಲೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಬೇಸಿಗೆಯ ನಡುಮಧ್ಯಾಹ್ನದ ಒಂದೇ ನಕ್ಷೆ ತೋರಿಸಿದರೆ ಒಪ್ಪಬೇಡಿ. ಆಗ ಸೂರ್ಯ ನೆತ್ತಿಯ ಹತ್ತಿರ ಇರುತ್ತಾನೆ, ಯಾವ ಕಟ್ಟಡದ ನೆರಳೂ ಚಿಕ್ಕದಾಗಿಯೇ ಕಾಣುತ್ತದೆ.

ಗಾಳಿಯ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಮೇಲೆ ಹೋದಂತೆ ಗಾಳಿಯ ವೇಗ ಜಾಸ್ತಿ. ಆ ಗಾಳಿ ಅಗಲವಾದ ಗೋಡೆಗೆ ಬಡಿದಾಗ ಒಂದಷ್ಟು ಮೇಲಿಂದ ದಾಟಿ ಹೋಗುತ್ತದೆ, ಉಳಿದದ್ದು ಗೋಡೆಗುಂಟ ಕೆಳಗೆ ಜಾರಿ, ಮೂಲೆ ತಿರುಗುವಾಗ ಇನ್ನಷ್ಟು ರಭಸ ಪಡೆಯುತ್ತದೆ. ಸುತ್ತಲೂ ಗಿಡ್ಡ ಮನೆಗಳಿದ್ದು ನಡುವೆ ಒಂಟಿಯಾಗಿ ಎದ್ದ ಟವರ್‌ನಲ್ಲಿ ಇದು ತುಂಬಾ ಜೋರು, ಯಾಕೆಂದರೆ ಗಾಳಿಯನ್ನು ಮೊದಲೇ ತಡೆಯುವಂಥದ್ದು ಏನೂ ಇರುವುದಿಲ್ಲ. ನಿಮ್ಮ ಬಡಾವಣೆಯ ಸ್ಥಿತಿ ಸರಿಯಾಗಿ ಇದೇ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬ್ರಿಜ್‌ವಾಟರ್ ಪ್ಲೇಸ್ ಎಂಬ ಮೂವತ್ತೆರಡು ಮಹಡಿಯ ಕಟ್ಟಡ ಇದೆ. 2011ರಲ್ಲಿ ಅದರ ಬುಡದಲ್ಲಿ ಬೀಸಿದ ಗಾಳಿಗೆ ಲಾರಿಯೊಂದು ಮಗುಚಿ ಪಾದಚಾರಿಯೊಬ್ಬರು ಸತ್ತರು. ಆಮೇಲೆ ಗಾಳಿ ಮುರಿಯಲು ರಸ್ತೆಯ ಮೇಲೇ ದೊಡ್ಡ ದೊಡ್ಡ ತಡೆಗಳನ್ನು ಕಟ್ಟಬೇಕಾಯಿತು. ಲಂಡನ್ನಿನ ಹಳೇ ವಾಣಿಜ್ಯ ಕೇಂದ್ರದ ಆಡಳಿತ 2019ರಲ್ಲಿ ಎತ್ತರದ ಕಟ್ಟಡಗಳಿಗೆ ಗಾಳಿಯ ಮಾರ್ಗಸೂಚಿಯನ್ನೇ ಹೊರಡಿಸಿತು. ಮೂವತ್ತು ಮಹಡಿ ಅಂದ ಮೇಲೆ ಕಟ್ಟಡದ ಮಾದರಿ ಮಾಡಿ, ಕೃತಕವಾಗಿ ಗಾಳಿ ಹರಿಸುವ ವಿಂಡ್ ಟನೆಲ್‌ನಲ್ಲಿ ಪರೀಕ್ಷೆ ಆಗಿರಬೇಕು. ಅದೂ ಅನುಮತಿಗೆ ಮುಂಚೆ.

ಟ್ರಾಫಿಕ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಹಡಿಯಿಂದ ಟ್ರಾಫಿಕ್ ಹುಟ್ಟುವುದಿಲ್ಲ. ಸಾವಿರ ಮನೆಗೆ ಸಾವಿರದೈನೂರು ಪಾರ್ಕಿಂಗ್ ಕೊಟ್ಟರೆ ಅಷ್ಟು ಕಾರು ಬರುತ್ತವೆ, ಕಟ್ಟಡ ಗಿಡ್ಡವಾಗಿರಲಿ ಎತ್ತರವಾಗಿರಲಿ. ಇದನ್ನು ಅರಿತು ಲಂಡನ್ 2004ರಲ್ಲಿ "ಕನಿಷ್ಠ ಇಷ್ಟು ಪಾರ್ಕಿಂಗ್ ಇರಲೇಬೇಕು" ಅನ್ನುವ ನಿಯಮವನ್ನು ತಿರುಗಿಸಿ "ಗರಿಷ್ಠ ಇಷ್ಟೇ" ಅಂತ ಮಾಡಿತು. ಮೆಕ್ಸಿಕೊ ಸಿಟಿ 2017ರಲ್ಲಿ ಅದೇ ದಾರಿ ಹಿಡಿಯಿತು. ಬಸ್ಸು, ರೈಲು ಕಾಲ್ನಡಿಗೆಯ ದೂರದಲ್ಲಿದ್ದರೆ ಪಾರ್ಕಿಂಗ್ ಕಡಿಮೆ ಮಾಡಿ ಅಂತ ನೀವೇ ಕೇಳಬಹುದು. ಅದರ ಅಪಾಯವೂ ಗೊತ್ತಿರಲಿ: ಬಸ್ಸು ರೈಲು ಸರಿ ಇಲ್ಲದ ಕಡೆ ಪಾರ್ಕಿಂಗ್ ಕಡಿಮೆ ಮಾಡಿದರೆ ಆ ಕಾರುಗಳೆಲ್ಲ ನಿಮ್ಮ ಮನೆ ಮುಂದೆ ಬಂದು ನಿಲ್ಲುತ್ತವೆ.

ಇನ್ನು ಕೊಳೆಗೇರಿಯ ಮಾತು. ಇದನ್ನು ಹೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ, ಅಮೆರಿಕದ ಸೇಂಟ್ ಲೂಯಿಸ್‌ನ ಪ್ರುಯಿಟ್-ಐಗೊ ಎಂಬ ಸರ್ಕಾರಿ ವಸತಿ ಸಮುಚ್ಚಯ. ಹನ್ನೊಂದು ಮಹಡಿಯ 33 ಕಟ್ಟಡಗಳು, 1950ರ ದಶಕದ ಮಧ್ಯದಲ್ಲಿ ಎದ್ದವು. 1972ರಲ್ಲಿ ಸಿಡಿಮದ್ದಿಟ್ಟು ಬೀಳಿಸಲು ಶುರುಮಾಡಿದರು. ಟವರ್‌ಗಳಲ್ಲಿ ಬಡವರನ್ನು ಇಟ್ಟರೆ ಹೀಗೇ ಆಗುತ್ತದೆ ಅಂತ ಆಗ ಎಲ್ಲರೂ ತೀರ್ಪು ಕೊಟ್ಟುಬಿಟ್ಟರು. ಒಳಗೆ ಹೋಗಿ ನೋಡಿದರೆ ಕಥೆ ಬೇರೆ. ಸುಮಾರು 23 ಹೆಕ್ಟೇರಿನಲ್ಲಿ 2,870 ಮನೆ, ಅಂದರೆ ಹೆಕ್ಟೇರಿಗೆ ಸುಮಾರು 125. ನಾವು ಮೇಲೆ ಹಾಕಿದ ಐದು ಮಹಡಿಯ ಲೆಕ್ಕದಲ್ಲಿ ಹೆಕ್ಟೇರಿಗೆ 250 ಬಂದಿತ್ತಲ್ವಾ? ಅದರ ಅರ್ಧ! ಖರ್ಚು ಉಳಿಸಲು ಲಿಫ್ಟನ್ನು ಮೂರು ಮಹಡಿಗೆ ಒಂದರಂತೆ ನಿಲ್ಲಿಸುತ್ತಿದ್ದರು. ನಿರ್ವಹಣೆಯ ದುಡ್ಡು ಬಾಡಿಗೆಯಿಂದಲೇ ಬರಬೇಕಿತ್ತು. ಅಷ್ಟರಲ್ಲಿ ನಗರವೇ ಖಾಲಿಯಾಗುತ್ತಾ ಬಂತು. 1950ರಲ್ಲಿ ಸುಮಾರು 8.57 ಲಕ್ಷ ಇದ್ದ ಸೇಂಟ್ ಲೂಯಿಸ್ ಜನಸಂಖ್ಯೆ 1970ಕ್ಕೆ 6.22 ಲಕ್ಷಕ್ಕೆ ಇಳಿದಿತ್ತು. ಮನೆ ಖಾಲಿ ಬಿದ್ದವು, ಬಾಡಿಗೆ ನಿಂತಿತು, ಲಿಫ್ಟ್ ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಹತ್ತನೇ ಮಹಡಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೆಟ್ಟ ಲಿಫ್ಟಿನ ಮುಂದೆ ನಿಂತ ತಾಯಿಗೆ ವಾಸ್ತುಶೈಲಿಯ ಚರ್ಚೆಯಿಂದ ಏನಾಗಬೇಕು?

ಇದರ ಎದುರಿಗೆ ಸಿಂಗಪುರವನ್ನು ಇಡಿ. 1960ರಲ್ಲಿ ಅಲ್ಲಿ ವಸತಿ ಮಂಡಳಿ ಶುರುವಾಯಿತು. ಇವತ್ತು ಹತ್ತರಲ್ಲಿ ಸುಮಾರು ಎಂಟು ನಿವಾಸಿಗಳು ಅದು ಕಟ್ಟಿದ ಮನೆಗಳಲ್ಲೇ ಇದ್ದಾರೆ, ಬಹುಪಾಲು ಎತ್ತರದ ಕಟ್ಟಡಗಳಲ್ಲಿ. ಐವತ್ತು ಮಹಡಿಯವೂ ಇವೆ. ಅವು ಕೊಳೆಗೇರಿ ಆಗಲಿಲ್ಲ. ಅಲ್ಲಿ ಪ್ರತಿ ಮನೆಯವರೂ ತಿಂಗಳಿಗೆ ನಿರ್ವಹಣೆಯ ಹಣ ಕಟ್ಟುತ್ತಾರೆ. ಅದರಲ್ಲಿ ಒಂದು ಪಾಲು ಮುಂದಿನ ದೊಡ್ಡ ರಿಪೇರಿಗಳ ನಿಧಿಗೆ ಹೋಗಲೇಬೇಕು ಅಂತ ಕಾನೂನು ಇದೆ. ಎಲ್ಲ ಮಹಡಿಗೂ ಲಿಫ್ಟ್ ನಿಲ್ಲದಿದ್ದ ಹಳೇ ಬ್ಲಾಕುಗಳಿಗೆ ಆಮೇಲೆ ಲಿಫ್ಟ್ ಸರಿಮಾಡಿ ಕೊಡಲು ಪ್ರತ್ಯೇಕ ಯೋಜನೆಯೇ ನಡೆಯಿತು. ಹಾಗಾಗಿ ನಿಮ್ಮ ಆಕ್ಷೇಪಣೆಯಲ್ಲಿ "ಕೊಳೆಗೇರಿ ಆಗುತ್ತದೆ" ಅಂತ ಬರೆಯಬೇಡಿ. ಅದು ಬರಲಿರುವ ಜನರನ್ನು ಹೀಗಳೆದಂತೆ ಕೇಳುತ್ತದೆ, ಅಧಿಕಾರಿಗಳೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಿರ್ವಹಣೆಯ ನಿಧಿ ಎಲ್ಲಿದೆ ಅಂತ ಬರೆಯಿರಿ.

ಬೆಂಕಿಯ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳದೆ ಬಿಡಲಾರೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಇಪ್ಪತ್ನಾಲ್ಕು ಮಹಡಿ, ಒಂದೇ ಮೆಟ್ಟಿಲು, ಹೊರಗೋಡೆಗೆ ಹೊಸದಾಗಿ ಹೊದಿಸಿದ್ದ ಬೇಗ ಉರಿಯುವ ಹೊದಿಕೆ. ಅದರ ನಂತರ ಇಂಗ್ಲೆಂಡ್ 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳಿಗೆ ಎರಡು ಮೆಟ್ಟಿಲು ಬೇಕೆಂದು ತೀರ್ಮಾನಿಸಿತು. ನಿಮ್ಮಲ್ಲಿನ ನಿಯಮ ಏನೇ ಇರಲಿ, ಮೂವತ್ತು ಮಹಡಿಗೆ ಒಂದೇ ಮೆಟ್ಟಿಲು ತೋರಿಸಿದ್ದರೆ ಬಿಡಬೇಡಿ. ಹೊರಗೋಡೆಯ ಹೊದಿಕೆ ಯಾವ ವಸ್ತುವಿನದು ಅಂತಲೂ ಕೇಳಿ.

ಈಗ ನಿಮ್ಮ ಮುಂದಿರುವ ದಾರಿಗಳು. "ಏನೂ ಬೇಡ" ಅನ್ನುವುದು ಮೊದಲನೆಯದು. ಇದು ನಿಮ್ಮ ಬೀದಿಯನ್ನು ಕೆಲವು ವರ್ಷ ಹಾಗೇ ಇಡಬಹುದು. ಆದರೆ ಮನೆ ಬೇಕಾದ ಜನ ಮಾಯವಾಗುವುದಿಲ್ಲ. ಅವರು ನಗರದ ಅಂಚಿಗೆ ಹೋಗುತ್ತಾರೆ, ಅಲ್ಲಿಂದ ದಿನಾ ನಿಮ್ಮ ರಸ್ತೆಯಲ್ಲೇ ಕಾರಿನಲ್ಲಿ ಬರುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ಪ್ರದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ಆಮೇಲೆ ಕಟ್ಟಡ ಅನುಮತಿಗಳು ಜೋರಾಗಿ ಏರಿದವು. ಅಲ್ಲಿ ಎದ್ದವುಗಳಲ್ಲಿ ಸಾಲು ಮನೆಗಳ ಪಾಲು ದೊಡ್ಡದು. ಇರುವ ಬಡಾವಣೆಯೊಳಗೇ ಜನರನ್ನು ಸೇರಿಸಿಕೊಳ್ಳುವುದು ಸಾಧ್ಯ, ಅದಕ್ಕೆ ಗಗನಚುಂಬಿ ಬೇಕಾಗಿಲ್ಲ. ಮುಚ್ಚಿದ ಕಾರ್ಖಾನೆಯ ಜಾಗ ಮನೆಗಳಿಗೆ ಸಿಗುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಒಂದು ಮಾತು: ಹಳೇ ಕಾರ್ಖಾನೆಯ ಮಣ್ಣಿನಲ್ಲಿ ಎಣ್ಣೆ, ಸೀಸ, ರಾಸಾಯನಿಕ ಉಳಿದಿರಬಹುದು. ಮಣ್ಣಿನ ಪರೀಕ್ಷೆಯ ವರದಿ ಕೇಳುವುದನ್ನು ಮರೆಯಬೇಡಿ.

ಎರಡನೆಯದು ಟವರ್, ಆದರೆ ಷರತ್ತಿನೊಂದಿಗೆ. ಕೆನಡಾದ ವ್ಯಾಂಕೂವರ್ ಇದನ್ನು ಚೆನ್ನಾಗಿ ಮಾಡಿತು. ಬೀದಿಯ ಅಂಚಿನಲ್ಲಿ ಎರಡು ಮೂರು ಮಹಡಿಯ ಸಾಲು ಮನೆಗಳು, ಅವುಗಳ ಬಾಗಿಲು ಬೀದಿಗೇ. ಅದರ ಹಿಂದೆ, ಮೇಲೆ, ತೆಳ್ಳನೆ ಟವರ್. ಟವರಿನ ಒಂದು ಮಹಡಿ ಸುಮಾರು 600 ಚದರ ಮೀಟರಿನ ಆಸುಪಾಸು, ಎರಡು ಟವರ್ ನಡುವೆ ಕನಿಷ್ಠ 24 ಮೀಟರಿನಷ್ಟು ಅಂತರ. ಕೆಳಗಿನ ಭಾಗ ಮೇಲಿಂದ ಜಾರುವ ಗಾಳಿಯನ್ನೂ ತಡೆಯುತ್ತದೆ. ಇದರ ಅಪಾಯ ಏನೆಂದರೆ, ಬಿಲ್ಡರ್ ಈ ಕೆಳಭಾಗದಲ್ಲಿ ಮನೆ ಬದಲು ಪಾರ್ಕಿಂಗ್ ತುಂಬಿಸಿದರೆ ನಿಮಗೆ ಸಿಗುವುದು ನಾಲ್ಕು ಮಹಡಿಯ ಕುರುಡು ಗೋಡೆ. ಬೆಲೆಯೂ ಇಳಿಯುತ್ತದೆ ಅಂತ ಇಲ್ಲ. ವ್ಯಾಂಕೂವರ್‌ನಲ್ಲಿ ಮನೆಗಳು ಈಗಲೂ ತುಂಬಾ ದುಬಾರಿ.

ಮೂರನೆಯದು ಐದಾರು ಮಹಡಿ, ಒಳಂಗಳ. ನಿಮ್ಮ ಎಫ್‌ಎಆರ್ 2ರ ಆಸುಪಾಸಿನಲ್ಲಿದ್ದರೆ ನಾನು ಇದನ್ನೇ ಆರಿಸುತ್ತೇನೆ. ವಿಯೆನ್ನಾದ ಕಾರ್ಲ್ ಮಾರ್ಕ್ಸ್ ಹೋಫ್ 1927ರಿಂದ 1930ರ ನಡುವೆ ಎದ್ದದ್ದು. ಒಂದು ಕಿಲೋಮೀಟರಿಗೂ ಉದ್ದ, 1,382 ಮನೆ, ಆದರೆ ಕಟ್ಟಡ ಇರುವುದು ಜಾಗದ ಐದರಲ್ಲೊಂದು ಭಾಗಕ್ಕಿಂತ ಕಡಿಮೆ ನೆಲದ ಮೇಲೆ. ಉಳಿದದ್ದೆಲ್ಲ ತೋಟ, ಅಂಗಳ. ಇವತ್ತಿಗೂ ನಗರವೇ ಅದರ ಮಾಲೀಕ, ಇವತ್ತಿಗೂ ಜನ ಇದ್ದಾರೆ.

ಆದರೆ ಈ ದಾರಿಗೂ ತನ್ನದೇ ಅಪಾಯ ಇದೆ. ಬಾರ್ಸಿಲೋನಾ ನೋಡಿ. 1859ರಲ್ಲಿ ಎಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ ಬರೆದ ಯೋಜನೆಯಲ್ಲಿ ಪ್ರತಿ ಚೌಕ 113 ಮೀಟರ್. ಅದರಲ್ಲಿ ಎರಡು ಬದಿಗೆ ಮಾತ್ರ ಕಟ್ಟಡ, ನಡುವೆ ತೋಟ. ಮಾಲೀಕರು ಸುಮ್ಮನಿರಲಿಲ್ಲ. ನಾಲ್ಕೂ ಬದಿ ಮುಚ್ಚಿದರು. ಮಹಡಿ ಏರಿಸಿದರು. ತೋಟ ಇರಬೇಕಿದ್ದ ಕಡೆ ವರ್ಕ್‌ಶಾಪು, ಗ್ಯಾರೇಜು ಬಂದವು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ, 1980ರ ದಶಕದಿಂದ, ನಗರ ದುಡ್ಡು ಕೊಟ್ಟು ಒಂದೊಂದೇ ಅಂಗಳವನ್ನು ಬಿಡಿಸಿಕೊಳ್ಳಬೇಕಾಯಿತು. ಕಾಗದದಲ್ಲಿ ಭದ್ರ ಮಾಡದ ಅಂಗಳ ಉಳಿಯುವುದಿಲ್ಲ. ಅಲ್ಲಿ ಮುಂದೆ ಏನನ್ನೂ ಕಟ್ಟಕೂಡದು ಅನ್ನುವುದು ಅನುಮತಿಪತ್ರದಲ್ಲೇ ಇರಲಿ. ಒಳಮೂಲೆಯ ಮನೆಗಳ ಕಿಟಕಿ ಎಲ್ಲಿಗೆ ತೆರೆಯುತ್ತವೆ ಅಂತಲೂ ನೋಡಿ, ಕತ್ತಲೆ ಇರುವುದು ಅಲ್ಲೇ. ಐದೇ ಮಹಡಿ ಅಂತ ಲಿಫ್ಟ್ ಕೈಬಿಡಲು ಬಿಡಬೇಡಿ. ವಯಸ್ಸಾದವರಿಗೆ ಮೂರನೇ ಮಹಡಿಯೂ ಎತ್ತರವೇ.

ಯಾವ ದಾರಿಯಾದರೂ ಬೀದಿ ಮಟ್ಟದ ನಕ್ಷೆಯನ್ನು ಬಿಡಿಸಿ ಕೂತು ನೋಡಿ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಜೀವಮಾನವಿಡೀ ಇದನ್ನೇ ಅಳೆದವರು. ಐದನೇ ಮಹಡಿಯ ಮೇಲೆ ಹೋದರೆ ಬೀದಿಯ ಜೊತೆಗಿನ ನಂಟು ಕಡಿದುಹೋಗುತ್ತದೆ ಅನ್ನುವುದು ಅವರ ಅನುಭವ. ನೂರು ಮೀಟರ್ ನಡೆದರೆ ಹದಿನೈದರಿಂದ ಇಪ್ಪತ್ತು ಬಾಗಿಲು ಸಿಗುವ ಬೀದಿಯನ್ನು ಅವರು ಜೀವಂತ ಬೀದಿ ಅಂತ ಎಣಿಸುತ್ತಾರೆ. ನಿಮ್ಮ ಎರಡೂ ಪ್ಲಾನಿನಲ್ಲಿ ನಿಮ್ಮ ಬಡಾವಣೆಯ ಕಡೆ ಮುಖಮಾಡಿದ ಅಂಚಿನಲ್ಲಿ ಬಾಗಿಲು ಎಣಿಸಿ. ಒಂದೇ ದೊಡ್ಡ ಗೇಟು, ಉದ್ದನೆ ಕಾಂಪೌಂಡು ಕಂಡರೆ, ಒಳಗೆ ಐದು ಮಹಡಿ ಇದ್ದರೂ ಮೂವತ್ತು ಇದ್ದರೂ ನಿಮ್ಮ ಬೀದಿ ಕೆಡುತ್ತದೆ. ಸಂಜೆ ಮೇಲೆ ಅಲ್ಲಿ ನಡೆಯಲು ಭಯ ಆಗುತ್ತದೆ.

ಆಕ್ಷೇಪಣೆ ಬರೆಯುವಾಗ ಬೇಡಗಳನ್ನು ಕಡಿಮೆ ಮಾಡಿ, ಕೇಳಿಕೆಗಳನ್ನು ಜಾಸ್ತಿ ಮಾಡಿ. ಒಂದೇ ಎಫ್‌ಎಆರ್‌ನಲ್ಲಿ ಎರಡೂ ಪ್ಲಾನಿನ ಹೋಲಿಕೆ, ಎರಡು ದಿನದ ನೆರಳಿನ ನಕ್ಷೆ, ವಿಂಡ್ ಟನೆಲ್ ವರದಿ, ಮಣ್ಣಿನ ವರದಿ, ಮೆಟ್ಟಿಲಿನ ಸಂಖ್ಯೆ, ಪಾರ್ಕಿಂಗ್ ಸಂಖ್ಯೆ, ಪಾರ್ಕು ಅಥವಾ ಅಂಗಳ ಯಾರ ಹೆಸರಿನಲ್ಲಿರುತ್ತದೆ ಅನ್ನುವುದು. ಲಿಫ್ಟುಗಳನ್ನು ಇಪ್ಪತ್ತು ಮೂವತ್ತು ವರ್ಷಕ್ಕೆ ಬದಲಾಯಿಸಲೇಬೇಕಾಗುತ್ತದೆ, ಅದರ ದುಡ್ಡು ಯಾವ ನಿಧಿಯಿಂದ ಬರುತ್ತದೆ ಅಂತಲೂ ಸೇರಿಸಿ. ಪ್ರತಿ ಕೇಳಿಕೆಯ ಪಕ್ಕ ನಕ್ಷೆಯ ಹಾಳೆ ಸಂಖ್ಯೆ ಹಾಕಿ, ಲಿಖಿತ ಉತ್ತರ ಬೇಕು ಅಂತ ಕೊನೆಯಲ್ಲಿ ಬರೆಯಿರಿ, ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ.